ಏಳು ರೈಫಲ್‌ಗಳ ಪಟ್ಟಿ

ನನ್ನ ಮನೆತನದಲ್ಲಿ ನನಗಿಂತ ಮೊದಲು ಬಂದೂಕು ಮುಟ್ಟಿದವರು ಯಾರೂ ಇಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಜಿರಲೆ ಕಂಡರೆ ಅಪ್ಪ ಅದನ್ನು ಹಳೆಯ ಪೇಪರಿನ ಮೇಲೆ ಹತ್ತಿಸಿಕೊಂಡು ಬೀದಿಗೆ ಬಿಟ್ಟು ಬರುತ್ತಿದ್ದರು. ಅಂಥವರ ಮಗನಾದ ನಾನು ನಲವತ್ತೇಳನೇ ವಯಸ್ಸಿನಲ್ಲಿ, ಜಾರ್ಜಿಯಾದ ಕಮ್ಮಿಂಗ್‌ನಲ್ಲಿ, ಗ್ಯಾರೇಜಿನ ಮೂಲೆಯಲ್ಲಿ ಕೂತು ತೋಟಾ ತುಂಬುವುದನ್ನು ಕಲಿತೆ. ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ, "ಒಳ್ಳೇದಾಯ್ತು, ತೋಟ ಅಂದ್ರೆ ಮನಸ್ಸಿಗೂ ಹಿತ. ಏನೇನು ಹಾಕಿದ್ದೀಯ?" ಎಂದರು. ತಿದ್ದುವ ಧೈರ್ಯವಾಗಲಿಲ್ಲ. ಬದನೆ ಎಂದೆ.

ಈ ಹುಚ್ಚು ಹಿಡಿಸಿದವರು ಅನ್ವರ್. ಅವರೂ ಮೈಸೂರಿನವರೇ, ಇಲ್ಲಿ ಕಮ್ಮಿಂಗ್‌ನಲ್ಲಿ ನಮ್ಮಿಂದ ನಾಲ್ಕು ರಸ್ತೆ ಆಚೆ ಮನೆ. ಎರಡು ಸಾವಿರದ ಇಪ್ಪತ್ತರಲ್ಲಿ ಆಫೀಸು ಮನೆಗೇ ಬಂದು ಕೂತಾಗ ಅವರು ನನ್ನನ್ನು ಶೂಟಿಂಗ್ ರೇಂಜಿಗೆ ಕರೆದೊಯ್ದರು. ನನಗೆ ಗುಂಡು ಹಾರಿಸುವುದಕ್ಕಿಂತ ಇಷ್ಟವಾದದ್ದು ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕವಚ. ಅದನ್ನು ತೊಳೆದು, ಮತ್ತೆ ಆಕಾರಕ್ಕೆ ತಂದು, ತಳದಲ್ಲಿ ಪ್ರೈಮರ್ ಎಂಬ ಪುಟ್ಟ ಕಿಡಿಬಿಲ್ಲೆ ಕೂರಿಸಿ, ಮದ್ದನ್ನು ತೂಗಿ ಹಾಕಿ, ಮೇಲೆ ಗುಂಡನ್ನು ಒತ್ತಿದರೆ ಹೊಸ ತೋಟಾ ಸಿದ್ಧ. ಹಾಲಿನ ಕವರು ತೊಳೆದು ಒಣಗಿಸಿಡುವ ಮನೆಯಲ್ಲಿ ಬೆಳೆದವನಿಗೆ ಇದಕ್ಕಿಂತ ಹೇಳಿ ಮಾಡಿಸಿದ ಹವ್ಯಾಸ ಇನ್ನೊಂದಿದೆಯೇ? ಆ ವರ್ಷದ ಆಯುಧಪೂಜೆಯಲ್ಲಿ ಊರಿನ ಕನ್ನಡಿಗರೆಲ್ಲ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಫೋಟೋ ಹಾಕಿದರೆ, ನಿಜವಾದ ಆಯುಧಕ್ಕೆ ಕುಂಕುಮ ಇಟ್ಟವನು ಬಹುಶಃ ನಾನೊಬ್ಬನೇ.

ತುಪಾಕಿ ಎಂಬ ಮಾತು ಟರ್ಕಿಯ ಕಡೆಯಿಂದ ಬಂತು, ಬಂದೂಕು ಅರಬ್ಬಿಯಿಂದ ಬಂತು ಎಂದು ತಿಳಿದವರು ಹೇಳುತ್ತಾರೆ. ನನ್ನಲ್ಲಿಗೆ ಅವು ಬಂದದ್ದು ಎಕ್ಸೆಲ್ ಪಟ್ಟಿಯಿಂದ. ಸಾಮಾನ್ಯ ಜನ ಮೊದಲು ರೈಫಲ್ ಕೊಂಡು ಆಮೇಲೆ ಗುಂಡು ಹುಡುಕುತ್ತಾರೆ; ತೋಟಾ ತುಂಬುವವರು ತಮ್ಮಲ್ಲಿರುವ ಗುಂಡಿಗೆ ಹೊಂದುವ ರೈಫಲ್ ಹುಡುಕುತ್ತಾರೆ. ಮನೆಯಲ್ಲಿ ರವಿಕೆ ಕಣ ಇದೆ ಎಂದು ಸೀರೆ ಕೊಳ್ಳಲು ಹೊರಟ ಹಾಗೆ. ನನ್ನ ಪಟ್ಟಿಯಲ್ಲಿ ಏಳು ರೈಫಲ್‌ಗಳಿದ್ದವು. ಮೂರಕ್ಕೆ ಒಂದೇ ಅಳತೆಯ ಗುಂಡು, ನಾಲ್ಕಕ್ಕೆ ಒಂದೇ ಮದ್ದು, ಏಳಕ್ಕೂ ಒಂದೇ ಬಗೆಯ ಪ್ರೈಮರ್. ಒಂದೊಂದಕ್ಕೂ ಬಣ್ಣ ಕೊಟ್ಟಿದ್ದೆ. ನನ್ನ ಹೆಂಡತಿ ಸುಮಾ ಒಮ್ಮೆ ಲ್ಯಾಪ್‌ಟಾಪಿನಲ್ಲಿ ಇಣುಕಿ, "ನಮ್ಮ ಮದುವೆಗೂ ಇಷ್ಟು ಪ್ಲಾನ್ ಮಾಡಿರಲಿಲ್ಲ ನೀವು," ಎಂದಳು. ಏಳರಲ್ಲಿ ಎರಡನ್ನು ಕೊಂಡೂ ಆಯಿತು.

ಇಪ್ಪತ್ತೊಂದರ ವಸಂತದಲ್ಲಿ ಪ್ರೈಮರ್ ಎಲ್ಲೂ ಸಿಗುತ್ತಿರಲಿಲ್ಲ. ದಕ್ಷಿಣ ಕ್ಯಾರೊಲಿನಾದ ಒಂದು ಅಂಗಡಿಗೆ ಸರಕು ಬರುತ್ತದೆ ಎಂದು ಯಾರೋ ಹೇಳಿದರು. ಬೆಳಿಗ್ಗೆಯೇ ಅನ್ವರ್ ಜೊತೆ ಎರಡೂವರೆ ಗಂಟೆ ಡ್ರೈವ್ ಮಾಡಿಕೊಂಡು ಹೋಗಿ ಸಾಲಿನಲ್ಲಿ ನಿಂತೆ. ಸುಮಾಳ ಫೋನು ಎರಡು ಸಲ ಬಂತು. ಸಾಲು ಮುಂದೆ ಸರಿಯುತ್ತಿತ್ತು. ಆಮೇಲೆ ಮಾಡೋಣ ಎಂದು ಬಿಟ್ಟೆ. ಡಬ್ಬಿಗಳನ್ನು ಕಾರಿನಲ್ಲಿಟ್ಟು ನಾನೇ ಫೋನ್ ಮಾಡಿದಾಗ ಅವಳು ಶಾಂತವಾಗಿಯೇ ಹೇಳಿದಳು: "ಗೀತಕ್ಕ ಹೋಗಿಬಿಟ್ಟಳು ರೀ."

ಗೀತಕ್ಕ ಅವಳ ಒಬ್ಬಳೇ ಅಕ್ಕ. ಕೋವಿಡ್ ಆಗಿ ಮೈಸೂರಿನ ಆಸ್ಪತ್ರೆಯಲ್ಲಿ ಆರು ದಿನ ಇದ್ದರು. ಹಾಸಿಗೆ ಸಿಕ್ಕಿದೆ, ಇನ್ನು ಭಯವಿಲ್ಲ ಎಂದು ನಾವು ಅಂದುಕೊಂಡಿದ್ದೆವು. ಸುಮಾ ಹೊರಡುವಂತಿರಲಿಲ್ಲ. ಅಂತ್ಯಕ್ರಿಯೆಯನ್ನು ಅಡುಗೆಮನೆಯ ಕಟ್ಟೆಗೆ ಫೋನು ಒರಗಿಸಿಟ್ಟುಕೊಂಡು ನಿಂತೇ ನೋಡಿದಳು. ನಾನು ಆ ಹೊತ್ತಿಗೆ ಇನ್ನೂ ಹೈವೇಯಲ್ಲಿದ್ದೆ.

ಆಮೇಲಿನ ತಿಂಗಳುಗಳ ಬಗ್ಗೆ ಬರೆಯುವುದು ಕಷ್ಟ. ಬರೆಯುವಂಥದ್ದು ಏನೂ ನಡೆಯಲಿಲ್ಲ. ಸುಮಾ ಅಡುಗೆ ಮಾಡಿದಳು, ಆಫೀಸಿನ ಮೀಟಿಂಗುಗಳಲ್ಲಿ ಮಾತಾಡಿದಳು, ಬಟ್ಟೆ ಮಡಚಿದಳು. ದುಃಖ ತನ್ನಷ್ಟಕ್ಕೆ ಕಡಿಮೆಯಾಗುತ್ತದೆ, ಮಧ್ಯೆ ಕೈ ಹಾಕಬಾರದು ಎಂಬುದು ನನ್ನ ಸಿದ್ಧಾಂತ. ಆ ಸಿದ್ಧಾಂತದ ಅನುಕೂಲವೆಂದರೆ ನಾನು ಗ್ಯಾರೇಜಿನಲ್ಲೇ ಇರಬಹುದಿತ್ತು. ಮದ್ದಿನ ಒಂದೊಂದು ಕಾಳಿನ ವ್ಯತ್ಯಾಸ ತಕ್ಕಡಿಯಲ್ಲಿ ನನಗೆ ಕಾಣುತ್ತಿತ್ತು. ಹೆಂಡತಿ ಊಟ ಅರ್ಧ ಮಾಡಿದ್ದು ಕಂಡಿರಲಿಲ್ಲ.

ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ ಕಾಫಿ ಕೊಡುತ್ತ ಅವಳು ಕೇಳಿದಳು: "ರೀ, ಆ ಗನ್‌ಗಳನ್ನ ಮನೆಯಿಂದ ಆಚೆ ಕಳಿಸ್ತೀರಾ?"

ಇದು ಎಂದಾದರೂ ಬರುವ ಜಗಳ ಎಂದು ನಾನು ಉತ್ತರ ತಯಾರಿಟ್ಟುಕೊಂಡಿದ್ದೆ. "ಸೇಫಲ್ಲಿ ಲಾಕ್ ಆಗಿವೆ ಕಣೇ. ಕೋಡ್ ನನಗೊಬ್ಬನಿಗೇ ಗೊತ್ತು."

"ನನಗೂ ಗೊತ್ತು. ನಮ್ಮ ಮದುವೆ ಡೇಟ್ ತಾನೇ? ಒತ್ತಿ ನೋಡಿದೆ."

ಅವಳಿಗೆ ಅದು ಹೇಗೆ ಗೊತ್ತು, ಯಾಕೆ ಒತ್ತಿ ನೋಡಿದಳು ಎಂಬುದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಸಾಯ್ಬೇಕು ಅಂತೇನಿಲ್ಲ ರೀ ನನಗೆ," ಎಂದಳು. "ಆದ್ರೆ ಕೆಲವು ದಿನ ನನ್ನ ಮೇಲೆ ನನಗೇ ನಂಬಿಕೆ ಇರಲ್ಲ. ಅವು ಮನೇಲಿ ಇಲ್ದಿದ್ರೆ ಒಂದು ಯೋಚನೆ ಕಮ್ಮಿ."

ನಾನು ಎದ್ದು ಅನ್ವರ್‌ಗೆ ಫೋನ್ ಮಾಡಿದೆ. ನನ್ನ ದನಿ ಹೇಗಿತ್ತೋ. "ಒಂದು ಹೆಲ್ಪ್ ಬೇಕು, ನನ್ನ ರೈಫಲ್‌ಗಳು..." ಎನ್ನುವಷ್ಟರಲ್ಲೇ ಅವರು, "ಬರ್ತಾ ಇದೀನಿ," ಎಂದರು. ಹತ್ತು ನಿಮಿಷದಲ್ಲಿ ಬಂದರು. ಎರಡು ರೈಫಲ್, ತುಂಬಿದ ತೋಟಾಗಳು, ಮದ್ದು, ಪ್ರೈಮರ್ ಎಲ್ಲವನ್ನೂ ಇಬ್ಬರೂ ಸೇರಿ ಅವರ ಗಾಡಿಗೆ ಸಾಗಿಸಿದೆವು. ಯಾಕೆ ಎಂದು ಅವರು ಕೇಳಲಿಲ್ಲ. ಹೊರಡುವಾಗ ಮಾತ್ರ, "ಎಷ್ಟು ವರ್ಷ ಬೇಕಾದ್ರೂ ನನ್ನ ಸೇಫಲ್ಲಿ ಇರ್ಲಿ ಪ್ರಸಾದ್ ಅವರೇ. ನೀವು ಒಳಗೆ ಹೋಗಿ, ಅವರ ಹತ್ರ ಕೂತ್ಕೊಳ್ಳಿ," ಎಂದರು.

ಹೋಗಿ ಕೂತೆ. ಸುಮ್ಮನೆ ಕೂರುವುದು ನನಗೆ ಬಾರದ ವಿದ್ಯೆ. ಗೀತಕ್ಕ ಸಣ್ಣವರಿದ್ದಾಗ ಏನು ಮಾಡುತ್ತಿದ್ದರು ಎಂದು ಕೇಳಿದೆ. ಆ ಐದು ತಿಂಗಳಲ್ಲಿ ಅವರ ಹೆಸರನ್ನು ನಾನು ಬಾಯಿಗೆ ತಂದದ್ದು ಅದೇ ಮೊದಲು. ಸುಮಾ ಮಧ್ಯಾಹ್ನದವರೆಗೆ ಅತ್ತಳು, ಮಾತಾಡಿದಳು. ಸೋಮವಾರವೇ ಡಾಕ್ಟರ ಬಳಿ ಹೋದೆವು. ಮಾತ್ರೆ, ವಾರಕ್ಕೊಮ್ಮೆ ಕೌನ್ಸೆಲಿಂಗ್, ಎರಡು ಹೆಜ್ಜೆ ಮುಂದೆ, ಒಂದು ಹಿಂದೆ. ಎರಡು ವರ್ಷ ಬೇಕಾಯಿತು. ನಗು ಮರಳಿತು. ಮೈಸೂರಿಗೆ ಹೋಗಿ ಗೀತಕ್ಕನ ಸೀರೆಗಳನ್ನು ತಂದಳು. ಆದರೆ ಮೊದಲಿನ ಸುಮಾ ಪೂರ್ತಿಯಾಗಿ ಮರಳಿ ಬಂದಳೆಂದು ಹೇಳಿದರೆ ಸುಳ್ಳಾಗುತ್ತದೆ.

ಕಳೆದ ವಾರ ಹುರುಳಿಕಾಯಿ ಸೋಸುತ್ತ ಅವಳೇ ಮಾತು ತೆಗೆದಳು. "ಅನ್ವರ್ ಮನೇಲಿರೋದನ್ನ ವಾಪಸ್ ತರಬಹುದಲ್ಲ? ನಾನೀಗ ಚೆನ್ನಾಗಿದೀನಿ."

"ಅಲ್ಲೇ ಇರ್ಲಿ ಬಿಡು."

ಅವಳ ಕೈ ನಿಂತಿತು. "ನನ್ನ ಮೇಲೆ ಇನ್ನೂ ನಂಬಿಕೆ ಇಲ್ವಾ?"

"ನಿನ್ನ ಮೇಲಿದೆ," ಎಂದೆ. "ನನ್ನ ಕಣ್ಣಿನ ಮೇಲೆ ಇಲ್ಲ. ಎದುರಿಗಿದ್ರೂ ಐದು ತಿಂಗಳು ಏನೂ ಕಾಣಲಿಲ್ಲ ಅದಕ್ಕೆ."

"ಅದೂ ನಿಜಾನೇ," ಎಂದು ಹುರುಳಿಕಾಯಿಯ ತಟ್ಟೆಯನ್ನು ಇಬ್ಬರ ನಡುವೆ ಸರಿಸಿದಳು.