ಸೊಂಟಕ್ಕೊಂದು ಮಾದರಿ ಪರೀಕ್ಷೆ

ಧಾರವಾಡದಲ್ಲಿ ಯಾರಾದರೂ ಪೆನ್ನು ಹಿಡಿದು ಎದುರಿಗೆ ನಿಂತರೆ ಸಾಕು, ಅದು ಪರೀಕ್ಷೆಯೇ. ಗಲ್ಲಿಗೊಂದು ಕೋಚಿಂಗ್ ಕ್ಲಾಸ್ ಇರುವ ಊರು. ಪರೀಕ್ಷೆ ಎಂದ ಮೇಲೆ ತಯಾರಿ, ತಯಾರಿ ಎಂದ ಮೇಲೆ ಮಾದರಿ ಪ್ರಶ್ನೆಪತ್ರಿಕೆ. ಆದರೆ ಸೊಂಟದ ಕೀಲಿಗೂ ಇವರು ಮಾದರಿ ಪರೀಕ್ಷೆ ನಡೆಸಿಯಾರು ಎಂದು ನನಗೆ ಹೊಳೆದಿರಲಿಲ್ಲ.

ನಾನು ಫಿಸಿಯೋಥೆರಪಿಸ್ಟ್. ಪ್ರತಿ ವರ್ಷ ಆಟದ ಹಂಗಾಮು ಶುರುವಾಗುವ ಮುಂಚೆ ಒಂದು ಕ್ರೀಡಾ ಹಾಸ್ಟೆಲಿಗೆ ಹೋಗಿ ಖೋಖೋ ಆಡುವ ಹುಡುಗಿಯರ ಮೈಯ ಚಲನೆ ಪರೀಕ್ಷಿಸಿ ಬರುತ್ತೇನೆ. ಹಿಮ್ಮಡಿ ಏಳದಂತೆ ಪೂರ್ತಿ ಕುಕ್ಕರಗಾಲಲ್ಲಿ ಕೂರುತ್ತಾರೋ, ಮಂಚದ ಅಂಚಿಗೆ ಮಲಗಿ ಒಂದು ಮೊಣಕಾಲನ್ನು ಎದೆಗೆ ಅವುಚಿಕೊಂಡಾಗ ಇನ್ನೊಂದು ತೊಡೆ ಮಂಚದ ಮೇಲೇ ಉಳಿಯುತ್ತದೋ ಇಲ್ಲವೋ ನೋಡುತ್ತೇನೆ. ಖೋಖೋದಲ್ಲಿ ಸಾಲಾಗಿ ಕುಕ್ಕರಿಸಿದವರು ಬೆನ್ನಿಗೆ ಕೈ ತಾಗುತ್ತಲೇ ಸಿಡಿದೇಳಬೇಕು. ಸೊಂಟ ಬಿಗಿದಿದ್ದರೆ ಆ ಹೊರೆಯೆಲ್ಲ ಬೆನ್ನಿಗೋ ಮೊಣಕಾಲಿಗೋ ಬೀಳುತ್ತದೆ. ಎಲ್ಲಿ ಬಿಗಿಯಿದೆ ಎಂದು ಮೊದಲೇ ತಿಳಿದರೆ ಅದಕ್ಕೆ ತಕ್ಕ ವ್ಯಾಯಾಮ ಹೇಳಿಕೊಡಬಹುದು, ಅಷ್ಟೇ.

ಆ ವರ್ಷ ಎಲ್ಲರೂ ಚೆಂದ ಮಾಡಿದರು. ಅತಿ ಚೆಂದ. ನಾನು ಬಾಯಿ ತೆರೆಯುವ ಮೊದಲೇ ಕುಕ್ಕರಿಸಿ ಎದ್ದು, ಮುಂದಿನದಕ್ಕೆ ತಾವೇ ಸಿದ್ಧವಾಗಿ ನಿಲ್ಲುತ್ತಿದ್ದರು. ನನಗೆ ನಗು ಬಂತು. ಅವರ ಕೋಚ್ ಮಾತ್ರ ಹೆಮ್ಮೆಯಿಂದ ಬೀಗುತ್ತಿದ್ದರು.

"ಒಂದ್ ವಾರ ಹಿಡದು ರೂಢಿ ಮಾಡ್ಸೇನ್ರಿ ಮೇಡಂ. ಹ್ವಾದ ವರ್ಷ ನೀವು ಏನೇನ್ ಮಾಡ್ಸಿದ್ರಿ, ಎಲ್ಲಾ ನೆನಪಿಟ್ಟಿದ್ದೆ. ಒಬ್ಬಾಕಿನೂ ಫೇಲ್ ಆಗಂಗಿಲ್ಲ ನೋಡ್ರಿ."

ಒಳ್ಳೆಯ ಮನುಷ್ಯ, ಹುಡುಗಿಯರಿಗೆ ತಮ್ಮ ಮನೆಯಿಂದ ಶೇಂಗಾ ಉಂಡಿ ತಂದು ಹಂಚುವವರು. ಬೈಯಲು ಬಾಯಿ ಬರಲಿಲ್ಲ. ಆದರೂ ಸಿಟ್ಟು ನೆತ್ತಿಗೇರಿತ್ತು. ಜ್ವರ ಎಷ್ಟಿದೆ ಎಂದು ನೋಡಲು ಹೋದರೆ ಥರ್ಮಾಮೀಟರನ್ನೇ ತಣ್ಣೀರಿನಲ್ಲಿ ಅದ್ದಿ ಕೊಟ್ಟ ಹಾಗಿತ್ತು.

ಕೊನೆಗೆ ಮಂಚಕ್ಕೆ ಬಂದವಳು ಶಿರಗುಪ್ಪಿಯ ಹುಡುಗಿ, ತಂಡದಲ್ಲೇ ಚುರುಕಿನವಳು. ಅವಳ ತೊಡೆಯೂ ಮಂಚಕ್ಕೆ ಅಂಟಿಕೊಂಡಿತ್ತು. ಅನುಮಾನ ಬಂದು ನಡುವಿನ ಕೆಳಗೆ ಕೈ ತೂರಿಸಿದೆ, ಸಲೀಸಾಗಿ ಹೋಯಿತು. ಬೆನ್ನನ್ನು ಎತ್ತಿ ಹಿಡಿದು ತೊಡೆಯನ್ನು ಕೆಳಗೆ ಉಳಿಸಿಕೊಂಡಿದ್ದಳು. ಬೆನ್ನು ಮಂಚಕ್ಕೆ ತಾಗಿಸು ಎಂದೆ. ತಾಗಿಸಿದಳು, ತೊಡೆ ಮೇಲೆದ್ದಿತು. ಆ ಕಾಲನ್ನು ಮಡಚಿ ಸೊಂಟದ ಕೀಲನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿದೆ. ಮುಖದ ನಗು ಹಾಗೇ ಇತ್ತು, ಕಾಲ್ಬೆರಳು ಮಾತ್ರ ಮುದುಡಿಕೊಂಡವು.

"ನೋವಾತೇನು?"

"ಇಲ್ರಿ."

"ಖರೇ ಹೇಳವಾ. ಇದು ಪರೀಕ್ಷಾ ಅಲ್ಲ, ಇದ್ರಾಗ ಯಾರೂ ಫೇಲ್ ಆಗಂಗಿಲ್ಲ."

ಕೋಚ್ ದೂರವಿರುವುದನ್ನು ನೋಡಿಕೊಂಡು ಅವಳು ದನಿ ತಗ್ಗಿಸಿದಳು. "ಹ್ವಾದ ವರ್ಷ ನನ್ನ ರೂಮಿನಾಕಿಗೂ ಹಿಂಗ ಅಂದಿದ್ರಿ. ಆಕಿ ನೋವೈತಿ ಅಂತ ಖರೇ ಹೇಳಿದ್ಲು. ಹಾಸ್ಟೆಲ್ ಬಿಡ್ಸಿ ಮನಿಗೆ ಕಳ್ಸಿದ್ರು. ಈಗ ಲಗ್ನಾ ಆಗೇತ್ರಿ ಆಕಿದು."

ಆ ಹುಡುಗಿಗೆ ಕೆಲವು ತಿಂಗಳು ವಿಶ್ರಾಂತಿ ಬೇಕೆಂದು ಬರೆದಿದ್ದೆ. ವಿಶ್ರಾಂತಿಯಲ್ಲಿರುವವಳಿಗೆ ಹಾಸ್ಟೆಲ್ ಯಾಕೆ ಎಂದು ಆಫೀಸಿನವರು ತೀರ್ಮಾನಿಸಿದ್ದನ್ನು ನನಗೆ ಯಾರೂ ಹೇಳಿರಲಿಲ್ಲ. ಈಗ ಇವಳ ನೋವನ್ನು ಹೇಳಿದರೆ ಹಾಸ್ಟೆಲ್ ಹೋಗುತ್ತದೆ, ಹೇಳದಿದ್ದರೆ ಕೀಲು ಹೋಗುತ್ತದೆ. ನಿನ್ನನ್ನು ಕಳಿಸದಂತೆ ನಾನು ನೋಡಿಕೊಳ್ಳುತ್ತೇನೆ ಎಂದೆ. ಅವಳು ಮಂಚದಿಂದಿಳಿದು ಹೋಗಿ ಗೆಳತಿಯರ ಸಾಲಿನಲ್ಲಿ ನಿಂತಳು.

ಕೋಚ್‌ಗೆ ವಿಷಯ ತಿಳಿಸಿ, ಸತ್ತೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದೆವು. ಕೀಲಿನ ಅಂಚಿನ ಮೆದು ಎಲುಬು ಹರಿದಿತ್ತು. ಕೋಚ್ ಆ ವರದಿಯನ್ನು ನನ್ನಿಂದ ಎರಡೆರಡು ಸಲ ಓದಿಸಿಕೊಂಡರು. ಆಮೇಲೆ ನನ್ನ ಜೊತೆ ಆಫೀಸಿಗೆ ಬಂದು, ನನಗಿಂತ ಜೋರಾಗಿ ಜಗಳವಾಡಿದರು. ಆಕೆಯನ್ನು ಇಲ್ಲಿಯೇ ಇಟ್ಟುಕೊಂಡು ಗುಣ ಮಾಡೋಣ ಎಂದು ಇಬ್ಬರೂ ಗೋಗರೆದೆವು. ಗುಣವಾದ ಮೇಲೆ ಬರಲಿ, ನೋಡೋಣ ಎಂದರು ಆಫೀಸಿನವರು. ನೋಡೋಣ ಎಂದರೆ ಏನೆಂದು ಯಾರಿಗೆ ಗೊತ್ತಿಲ್ಲ?

ಅವಳನ್ನು ಮನೆಗೆ ಕರೆದೊಯ್ಯಲು ಅಪ್ಪ ಬೈಕ್ ತಂದಿದ್ದ ದಿನ ನಾನೂ ಹೋಗಿದ್ದೆ. ದಿನಾ ಮಾಡಬೇಕಾದ ವ್ಯಾಯಾಮಗಳನ್ನು ಮತ್ತೊಮ್ಮೆ ಹೇಳಿದೆ. ತಲೆಯಾಡಿಸಿ ಕೇಳಿದಳು. ಅತ್ತಿರಲಿಲ್ಲ, ಸಿಟ್ಟೂ ಇರಲಿಲ್ಲ. ಚೀಲ ಹೆಗಲಿಗೇರಿಸುತ್ತ, "ನೋವೈತಿ ಅಂತ ನಾ ಅಂತೂ ಹೇಳಿರ್ಲಿಲ್ರಿ ಮೇಡಂ" ಎಂದಳು.

ಆಮೇಲೆ ಬೈಕಿನ ಹಿಂದಿನ ಸೀಟಿನ ಮೇಲಿಂದ ಕಾಲು ಎತ್ತಿ ಹಾಕುವಾಗ, ನಾವೆಲ್ಲ ಅಲ್ಲೇ ನಿಂತಿದ್ದರೂ, "ಯವ್ವಾ" ಎಂದು ಜೋರಾಗಿ ಕೂಗಿಕೊಂಡಳು. ಇನ್ನು ಮುಚ್ಚಿಡುವ ಕಾರಣ ಉಳಿದಿರಲಿಲ್ಲ.