ಬೆಳದಿಂಗಳಿಗೆ ಮೂವತ್ತು ಸೆಕೆಂಡು

ಹೊಸಕೋಟೆಯ ಹಳೇ ಬಸ್ ನಿಲ್ದಾಣದ ಎದುರಿಗೆ, ನನ್ನ ಜೆರಾಕ್ಸ್ ಅಂಗಡಿಯ ಪಕ್ಕದಲ್ಲೇ ಮುನೀಂದ್ರನ ಸ್ಟುಡಿಯೋ ಇದೆ. ಇದೆ ಎಂದರೆ ಬೋರ್ಡು ಇದೆ, ಮುನೀಂದ್ರ ಇರುವುದಿಲ್ಲ. ಇದ್ದರೂ ಕೂರುವುದಿಲ್ಲ. ಅರ್ಧ ಲೋಟ ಟೀ ಕುಡಿದು, ಇನ್ನರ್ಧವನ್ನು ನನ್ನ ಮೆಷಿನ್ನಿನ ಮೇಲಿಟ್ಟು ಮಾಯವಾಗುತ್ತಾನೆ. ಹದಿನಾರು ವರ್ಷದಿಂದ ಆ ಲೋಟಗಳನ್ನು ಎತ್ತಿಡುತ್ತಿರುವವನು ನಾನು. ಅವನ ಬಗ್ಗೆ ಬರೆಯುವ ಹಕ್ಕು ನನಗಿದೆ.

ಹೊಟ್ಟೆಪಾಡಿಗೆ ಮದುವೆ ಫೋಟೋ ತೆಗೆಯುತ್ತಾನೆ. ಹುಚ್ಚು ಮಾತ್ರ ಬೆಳದಿಂಗಳದ್ದು. ಹುಣ್ಣಿಮೆ ಬಂದರೆ ಫ್ಲಾಶ್ ಮನೆಯಲ್ಲೇ ಬಿಟ್ಟು, ಬರೀ ಚಂದ್ರನ ಬೆಳಕಿನಲ್ಲಿ ಕೆರೆಯ ಫೋಟೋ ತೆಗೆಯಲು ಏರಿಯ ಮೇಲೆ ಹೋಗಿ ನಿಲ್ಲುತ್ತಿದ್ದ. ಈಗ ಹೈವೇ ದೀಪ, ಪಿಲ್ಲಗುಂಪೆಯ ಕಾರ್ಖಾನೆಗಳ ದೀಪ ಸೇರಿ ಆಕಾಶವೆಲ್ಲ ಕಿತ್ತಳೆ ಬಣ್ಣ. "ಚಂದ್ರಂಗೆ ಇಲ್ಲಿ ಕೆಲ್ಸ ಇಲ್ಲ ಗುರು. ಕತ್ಲಲ್ಲಿರೋ ಸಮುದ್ರ ಬೇಕು," ಎಂದು ಹೋದ ವರ್ಷವೆಲ್ಲ ನನ್ನ ತಲೆ ತಿಂದ. ಹೊರಟಾಗಲೆಲ್ಲ ಒಂದೋ ಮೋಡ, ಇಲ್ಲವೇ ಮದುವೆ.

ಈ ಫೆಬ್ರವರಿಯಲ್ಲಿ ನನ್ನ ಅಣ್ಣನ ಮಗಳು ಸಿಂಚನಳ ಮದುವೆ ಆವತಿಯಲ್ಲಿ ನಡೆಯಿತು. ಫೋಟೋಗೆ ಇವನಿಗೆ ಹೇಳಿದವನು ನಾನೇ. ಮರುದಿನ ಹುಣ್ಣಿಮೆ. ಹೆಣ್ಣೊಪ್ಪಿಸುವ ಶಾಸ್ತ್ರ ಮುಗಿದದ್ದೇ ತಡ, ಬ್ಯಾಗು ಹೆಗಲಿಗೇರಿಸಿ ಕುಂದಾಪುರದ ಬಸ್ಸು ಹತ್ತಿಬಿಟ್ಟ. ಮದುವೆಯ ಫೋಟೋಗಳಿದ್ದ ಎರಡು ಮೆಮೊರಿ ಕಾರ್ಡುಗಳನ್ನು ಕಂಪ್ಯೂಟರಿಗೆ ಹಾಕಿಡುವಷ್ಟೂ ತಾಳ್ಮೆಯಿಲ್ಲ! ಬ್ಯಾಗಿನ ಜಿಪ್ಪು ಹೋಗಿ ಆರು ತಿಂಗಳಾಗಿತ್ತು. ಅದಕ್ಕೇ ಬಸ್ಸಿನಲ್ಲಿ, ಹೆಂಡತಿ ಪ್ರಮೋದಾ ಕಟ್ಟಿಕೊಟ್ಟ ಚಿತ್ರಾನ್ನ ತಿಂದು ಮುಗಿಸಿ, ಖಾಲಿ ಡಬ್ಬಿಯನ್ನು ಒರೆಸಿ ಕಾರ್ಡುಗಳನ್ನು ಅದರೊಳಗಿಟ್ಟ.

ಮುಂದಿನದು ಅವನೇ ಹೇಳಿದ್ದು. ಮರುದಿನ ರಾತ್ರಿ ಹತ್ತೂವರೆ. ಚಂದ್ರ ಬೆನ್ನ ಹಿಂದೆ. ಮುಂದೆ ಬಂಡೆ, ನೊರೆ, ಸಮುದ್ರ. ಬಂಡೆಯೊಂದರ ಮೇಲೆ ಟ್ರೈಪಾಡ್ ಗಟ್ಟಿಯಾಗಿ ನಿಲ್ಲಿಸಿ, ಬ್ಯಾಗನ್ನು ಕೆಳಗೆ ಮರಳಿನ ಮೇಲಿಟ್ಟ, ನೀರಿನಿಂದ ಹತ್ತು ಹೆಜ್ಜೆ ದೂರ. ಕೆರೆಯ ಪಕ್ಕ ಬೆಳೆದವನ ಲೆಕ್ಕ ಅದು. ನಮ್ಮ ಕಡೆ ಮಳೆ ಬರದೆ ನೀರು ಮೇಲೇರುವುದಿಲ್ಲ. ಹುಣ್ಣಿಮೆಯ ದಿನವೇ ಕಡಲು ಹೆಚ್ಚು ಉಕ್ಕುತ್ತದೆಂದು ನಮಗೆ ಯಾರು ಹೇಳಬೇಕು?

ಬೆಳದಿಂಗಳಿಗೆ ಮೂವತ್ತು ಸೆಕೆಂಡು ಕ್ಯಾಮೆರಾದ ಕಣ್ಣು ತೆರೆದೇ ಇರಬೇಕು. ಆರೇಳು ಫೋಟೋ ಕೆಟ್ಟವು. ಮತ್ತೆ ಗುಂಡಿ ಒತ್ತಿ ಎಂಟು ಎಣಿಸುವಷ್ಟರಲ್ಲಿ ಬ್ಯಾಗು ಕ್ಯಾಮೆರಾದ ಮುಂದೆಯೇ ತೇಲಿಕೊಂಡು ಹೋಗುತ್ತಿತ್ತು. ಈಜು ಬಾರದವನು ಸೊಂಟಮಟ್ಟದ ನೀರಿಗೆ ನುಗ್ಗಿದ. ಅಲೆ ಎರಡು ಸಲ ಕೆಡವಿತು. ಹೇಗೋ ಬ್ಯಾಗಿನ ಪಟ್ಟಿ ಸಿಕ್ಕಿತು. ದಡಕ್ಕೆ ಬಂದು ಬಿದ್ದವನೇ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದನಂತೆ. ತೆರೆದರೆ ಒಳಗೆ ಒಂದು ಹನಿ ನೀರಿಲ್ಲ, ಕಾರ್ಡುಗಳಿಗೆ ಅರಿಶಿನ ಮಾತ್ರ ಹತ್ತಿತ್ತು.

ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. "ಲೇ, ನಮ್ಮುಡ್ಗಿ ಮದ್ವೆ ಕಣೋ ಅದು! ಅದುನ್ನ ಸಮುದ್ರಕ್ಕೆ ಹಾಕಕ್ಕೋಗಿದ್ದಾ? ನೀನೇ ಕೊಚ್ಕೊಂಡೋಗಿದ್ರೆ ಏನ್ಲಾ ಗತಿ?"

"ಬೈಯ್ಯೋದು ಆಮೇಲೆ ಗುರು, ಮೊದ್ಲು ಫೋಟೋ ನೋಡು," ಎಂದು ಸ್ಟುಡಿಯೋದ ಕಂಪ್ಯೂಟರಿನಲ್ಲಿ ತೋರಿಸಿದ. ಅವನು ನೀರಿಗೆ ನುಗ್ಗಿದಾಗ ಕ್ಯಾಮೆರಾ ತೆಗೆಯುತ್ತಿದ್ದ ಅದೇ ಫೋಟೋ. ಬಂಡೆಗಳ ಸುತ್ತ ಸಮುದ್ರ ಮಂಜಿನಂತೆ ಹರಡಿತ್ತು. ಚೆನ್ನಾಗಿತ್ತು, ಒಪ್ಪಿಕೊಳ್ಳಲೇಬೇಕು.

ಮಧ್ಯಾಹ್ನದ ಊಟ ತಂದಿದ್ದ ಪ್ರಮೋದಾ ಬಗ್ಗಿ ನೋಡಿದಳು. "ಬಿದ್ದು ಎದ್ದು ಒದ್ದಾಡ್ದೆ ಅಂದ್ರಲ್ಲ, ಎಲ್ಲಿದ್ದೀರ ಇದ್ರಲ್ಲಿ?"

"ಅಷ್ಟೊತ್ತು ತೆಗೆದ್ರೆ ಓಡಾಡೋರು ಬರಲ್ಲ ಕಣೆ. ಅಲ್ಲಾಡ್ದೆ ನಿಂತಿರೋದು ಮಾತ್ರ ಬರುತ್ತೆ."

"ಹಂಗಾದ್ರೆ ನಮ್ಮನೇದು ತೆಗ್ದಿದ್ರೂ ನೀವು ಬರ್ತಿರ್ಲಿಲ್ಲ ಬಿಡಿ," ಎಂದು ಚಿತ್ರಾನ್ನದ ಖಾಲಿ ಡಬ್ಬಿ ಎತ್ತಿಕೊಂಡು ಹೊರಟಳು.

ನಾನು ತರಿಸಿದ್ದ ಟೀಯನ್ನು ಮುನೀಂದ್ರ ಅವತ್ತು ಪೂರ್ತಿ ಕುಡಿದು, ಖಾಲಿ ಲೋಟ ಹಿಡಿದುಕೊಂಡು ಕೂತೇ ಇದ್ದ.