ಚಿಕ್ಕಮಲ್ಲಪ್ಪನವರು ಸ್ಕೂಲು ನೋಡಲು ಹೋದದ್ದು

ಭೀಮನಬೀಡಿನ ಚಿಕ್ಕಮಲ್ಲಪ್ಪನವರು ಕೊಟ್ಟ ಮಾತಿಗೆ ತಪ್ಪಿದ್ದನ್ನು ಕಂಡವರು ಯಾರೂ ಇಲ್ಲ. ಇದನ್ನು ಬರೀ ಹೊಗಳಿಕೆಗೆ ಹೇಳುತ್ತಿಲ್ಲ. ಮಾತಿಗೆ ತಪ್ಪದವರ ಜೊತೆ ಒಂದೇ ಸೂರಿನಡಿ ಬಾಳುವುದು ಎಂಥ ಪಜೀತಿ ಎಂಬುದು ನನಗೆ ಗೊತ್ತು. ಆ ಊರಿನ ಪ್ರೈಮರಿ ಶಾಲೆಗೆ ಮೇಷ್ಟ್ರಾಗಿ ಹೋದ ನಾನು ಅವರ ಮನೆಯ ಜಗಲಿ ಕೋಣೆಯಲ್ಲೇ ಇದ್ದೆ. ಬೇಗೂರು ಸಂತೆಗೆ ಬರುತ್ತೇನೆ ಎಂದು ಯಾರಿಗಾದರೂ ಹೇಳಿದ್ದರೆ, ಮೈ ಕೆಂಡದಂತೆ ಸುಡುತ್ತಿದ್ದರೂ ಕಂಬಳಿ ಹೊದ್ದು ಹೊರಟುಬಿಡುವರು. ಅಲ್ಲಿ ಹೋಗಿ ನೋಡಿದರೆ ಮಾತು ತೆಗೆದುಕೊಂಡವನೇ ಬಂದಿರುತ್ತಿರಲಿಲ್ಲ.

ಅವರಿಗೆ ಗಂಗಾಧರಸ್ವಾಮಿ ಒಬ್ಬನೇ ಮಗ. ಗುಂಡ್ಲುಪೇಟೆಯಲ್ಲಿ ಹೈಸ್ಕೂಲು ಮುಗಿಸಿದ್ದ. ಓದಿಗಿಂತ ಊಟಿ ರಸ್ತೆಯ ಬಸ್ಸು ಲಾರಿಗಳ ಸದ್ದು ಅವನ ತಲೆಗೆ ಚೆನ್ನಾಗಿ ಹತ್ತಿತ್ತು. ಸಾವಿರದ ಒಂಬೈನೂರ ಐವತ್ತೇಳರ ಸುಮಾರು. ಬೇಗೂರಿನ ಕಡೆ ಒಬ್ಬರು ಬಾವಿಗೆ ಡೀಸೆಲ್ ಎಂಜಿನ್ನು ಇಡಿಸಿದ್ದರು. ಅದನ್ನು ನೋಡಿ ಬಂದ ದಿನದಿಂದ ಹುಡುಗನಿಗೆ ಒಂದೇ ಜಪ, ಡೀಸೆಲ್ ಮೆಕ್ಯಾನಿಕ್ ಆಗಬೇಕು. ವಿಚಾರಿಸಿ ಹೇಳುವ ಕೆಲಸ ಮೇಷ್ಟ್ರಾದ ನನಗೆ ಬಿತ್ತು. ಎರಡು ಕಡೆ ಕಲಿಸುತ್ತಾರೆ ಎಂದು ತಿಳಿಯಿತು. ಒಂದು ಮೈಸೂರಿನ ಸರ್ಕಾರಿ ತರಬೇತಿ ಶಾಲೆ. ಇನ್ನೊಂದು ಚಾಮರಾಜನಗರದಲ್ಲಿ ಶಂಭುಲಿಂಗಪ್ಪ ಎಂಬುವರು ನಡೆಸುತ್ತಿದ್ದ ಶಾಲೆ. ಅವರು ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿಗಳನ್ನು ರಿಪೇರಿ ಮಾಡಿಕೊಂಡಿದ್ದು, ಊರಿಗೆ ಬಂದ ಮೇಲೆ ತಗಡಿನ ಶೆಡ್ಡು ಹಾಕಿ ಪಾಠ ಹೇಳುತ್ತಿದ್ದರು.

ಶಾಲೆ ಆರಿಸುವುದು ಹೇಗೆ ಎಂದು ನಾನು ಶುರು ಮಾಡುವ ಮೊದಲೇ ಚಿಕ್ಕಮಲ್ಲಪ್ಪನವರು ತೀರ್ಮಾನ ಹೇಳಿದರು. ಹೆಣ್ಣು ಕೊಡುವ ಮುಂಚೆ ಹೋಗಿ ಮನೆ ನೋಡಿಕೊಂಡು ಬರುವುದಿಲ್ಲವೇ, ಮಗನನ್ನು ಕೊಡುವಾಗಲೂ ಹಾಗೆಯೇ. ಹಿತ್ತಲು, ಕೊಟ್ಟಿಗೆ, ನೀರು ನಿಡಿ ಎಲ್ಲ ನೋಡಬೇಕು. ನಾನು ನಕ್ಕೆ. ಅವರು ನಗಲಿಲ್ಲ.

ಮನೆ ನೋಡಲು ಹೋದವರಿಗೆ ಒಂದು ಕಟ್ಟುಪಾಡಿದೆ. ಮನಸ್ಸಿಗೆ ಒಪ್ಪುವ ತನಕ ಆ ಮನೆಯಲ್ಲಿ ಸಿಹಿ ಮುಟ್ಟುವ ಹಾಗಿಲ್ಲ. ಸಿಹಿ ತಿಂದು ಎಲೆ ಅಡಿಕೆ ಈಸಿಕೊಂಡರೆ ಸಂಬಂಧ ಕುದುರಿತು ಎಂದೇ ಅರ್ಥ. ಆಮೇಲೆ ಹಿಂದೆಗೆದರೆ ಕುಲಸ್ಥರ ಮುಂದೆ ತಲೆ ಎತ್ತುವಂತಿಲ್ಲ. ಹಿಂದಿನ ವರ್ಷ ತಾನೇ ಯಾರದೋ ಮನೆಯವರು ತಾಂಬೂಲ ತೆಗೆದುಕೊಂಡ ಮೇಲೆ ಮಾತು ಬದಲಿಸಿದಾಗ, ಪಂಚಾಯಿತಿಯಲ್ಲಿ ಕೂತು ಅವರಿಗೆ ಛೀಮಾರಿ ಹಾಕಿದವರು ಇದೇ ಚಿಕ್ಕಮಲ್ಲಪ್ಪನವರು. ಹೊರಡುವಾಗ ಅವರ ಹೆಂಡತಿ ಪುಟ್ಟಮಲ್ಲಮ್ಮ ಬಾಗಿಲಲ್ಲಿ ನಿಂತು, ಎರಡು ಸ್ಕೂಲನ್ನೂ ನೋಡುವವರೆಗೆ ಎಲ್ಲೂ ಬಾಯಿ ಸಿಹಿ ಮಾಡಿಕೊಳ್ಳಬೇಡಿ ಎಂದು ಎಚ್ಚರಿಸಿಯೇ ಕಳಿಸಿದರು.

ಹತ್ತಿರದ್ದು ಮೊದಲು ಎಂದು ತೆರಕಣಾಂಬಿ ಮೇಲೆ ಹೋಗುವ ಬಸ್ಸಿನಲ್ಲಿ ನಾವು ಮೂವರೂ ಚಾಮರಾಜನಗರಕ್ಕೆ ಹೋದೆವು. ಶಂಭುಲಿಂಗಪ್ಪನವರು ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಾಲೆಗಿದ್ದ ಒಂದೇ ಒಂದು ಎಂಜಿನ್ನನ್ನು ಪಾಠಕ್ಕೆಂದು ಬಿಚ್ಚಿದವರು ಮತ್ತೆ ಜೋಡಿಸಿರಲಿಲ್ಲ. ಪಿಸ್ಟನ್ ಒಂದು ಮೂಲೆ, ದೊಡ್ಡ ಚಕ್ರ ಒಂದು ಮೂಲೆ, ಗೋಣಿಚೀಲದ ಮೇಲೆ ಸಾಲಾಗಿ ನಟ್ಟು ಬೋಲ್ಟು. ಓಡುವ ಎಂಜಿನ್ನು ಎಲ್ಲಿ ಎಂದು ಗಂಗಾಧರ ಕೇಳಿದ. ಅವರು ಕೆಮ್ಮಿ, ಓಡುತ್ತಿದ್ದರೆ ಒಳಗಿನದು ಕಾಣುವುದಿಲ್ಲವಲ್ಲ ಎಂದರು. ಹುಡುಗನ ಮುಖ ಇಳಿದು ಹೋಯಿತು.

ಅಪ್ಪ ಮಾತ್ರ ಪಂಚೆ ಎತ್ತಿ ಕಟ್ಟಿ ಎಂಜಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದರು. ಎಣ್ಣೆ ಎಲ್ಲಿಂದ ಬರುತ್ತದೆ, ಬೆಂಕಿಕಡ್ಡಿ ಗೀರದೆ ಹೊತ್ತಿಕೊಳ್ಳುವುದು ಹೇಗೆ, ಹೊಗೆ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಒಂದಾದ ಮೇಲೊಂದು ಕೇಳುತ್ತಿದ್ದರು. ಕೇಳುವವರು ಸಿಕ್ಕಿದ ಸಂತೋಷಕ್ಕೆ ಶಂಭುಲಿಂಗಪ್ಪನವರೂ ಬಿಡದೆ ಹೇಳುತ್ತಿದ್ದರು. ಅಷ್ಟರಲ್ಲಿ ಅವರ ಮನೆಯಿಂದ ತಟ್ಟೆ ಬಂತು. ತಟ್ಟೆಯಲ್ಲಿ ತುಪ್ಪ ಸವರಿದ ಒಬ್ಬಟ್ಟು. ನಾನು ಕಣ್ಣುಸನ್ನೆ ಮಾಡಿದೆ. ಗಂಗಾಧರ ಅಪ್ಪನ ಅಂಗಿ ಜಗ್ಗಿದ. ಚಿಕ್ಕಮಲ್ಲಪ್ಪನವರ ಕಣ್ಣು ಪಿಸ್ಟನ್ ಮೇಲೆ, ಕೈ ತಟ್ಟೆಯ ಮೇಲೆ. ಮಾತಿನ ಭರದಲ್ಲಿ ಒಂದು ಒಬ್ಬಟ್ಟು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದರು. ಎಲೆ ಅಡಿಕೆಯನ್ನೂ ಹಾಗೆಯೇ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಶಂಭುಲಿಂಗಪ್ಪನವರು ಕೈ ಮುಗಿದು, ಸಿಹಿ ಆಯಿತು, ಇನ್ನು ನಿಮ್ಮ ಮನೆಯಿಂದ ಒಬ್ಬರು ನಮ್ಮ ಸ್ಕೂಲಿಗೆ ಬಂದಂತೆಯೇ ಎಂದರು. ಆಗ ಚಿಕ್ಕಮಲ್ಲಪ್ಪನವರ ದವಡೆ ನಿಂತಿತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.



ಸುಮ್ಮನೆ ನೋಡಿ ಬರುತ್ತೇವೆ ಎಂದು ಹೇಳಿ ಮುಂದಿನ ವಾರ ಗಂಗಾಧರನನ್ನು ನಾನೇ ಮೈಸೂರಿಗೆ ಕರೆದುಕೊಂಡು ಹೋದೆ. ಅಲ್ಲಿ ದೊಡ್ಡ ಹಾಲಿನಲ್ಲಿ ಎಂಜಿನ್ನುಗಳು ಓಡುತ್ತಿದ್ದವು, ಕಾಲಡಿಯ ನೆಲ ಗುಡುಗುಡು ನಡುಗುತ್ತಿತ್ತು. ಹುಡುಗ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತ. ಆ ನಡುಕ ಕಾಲಿನಿಂದ ಹತ್ತಿ ಮುಖದಲ್ಲಿ ನಗುವಾಗಿ ಕಾಣುತ್ತಿತ್ತು. ಅವನು ಕಲಿಯುವುದಾದರೆ ಇಲ್ಲೇ ಕಲಿಯಬೇಕು ಎಂದು ನನಗೂ ಅನ್ನಿಸಿತು. ಸೇರಲು ಆ ತಿಂಗಳ ಕೊನೆಯವರೆಗೆ ಮಾತ್ರ ಅವಕಾಶವಿತ್ತು.

ಮನೆಯಲ್ಲಿ ಅಪ್ಪನದು ಒಂದೇ ಹಟ. ತಾಂಬೂಲ ತೆಗೆದುಕೊಂಡಾಗಿದೆ, ಮಗ ಚಾಮರಾಜನಗರಕ್ಕೇ ಹೋಗಬೇಕು. ಅದು ಸ್ಕೂಲು, ಬೀಗರ ಮನೆಯಲ್ಲ ಎಂದು ನಾನು ಬಗೆಬಗೆಯಾಗಿ ವಾದಿಸಿದೆ. ಮೇಷ್ಟ್ರೇ, ಒಬ್ಬಟ್ಟು ಒಬ್ಬಟ್ಟೇ ಎಂದರು. ಮಗ ಊಟ ಬಿಟ್ಟ. ಅಪ್ಪನಿಗೂ ಊಟ ಸೇರಲಿಲ್ಲ. ಮಗನ ಆಸೆ ಮುರಿಯುವುದು ಅವರಿಗೇನೂ ಇಷ್ಟವಿರಲಿಲ್ಲ, ಕೊಟ್ಟಿಗೆಯಲ್ಲಿ ಒಬ್ಬರೇ ನಿಂತು ಎತ್ತಿನ ಬೆನ್ನು ಸವರುತ್ತಾ ಕಣ್ಣು ಒರೆಸಿಕೊಂಡಿದ್ದನ್ನು ನಾನು ನೋಡಿದ್ದೇನೆ. ಆದರೂ ಹಟ ಬಿಡಲಿಲ್ಲ. ಇಂಥವರನ್ನು ಕಂಡರೆ ಕಾಲಿಗೆ ಬೀಳಬೇಕೋ ತಲೆಗೆ ಮೊಟಕಬೇಕೋ ತಿಳಿಯುವುದಿಲ್ಲ.

ತಿಂಗಳು ಮುಗಿಯುತ್ತಾ ಬಂದಿತ್ತು. ಒಂದು ಸಂಜೆ ಪುಟ್ಟಮಲ್ಲಮ್ಮ ರಾಗಿ ಕೇರುತ್ತಾ ಕೂತಿದ್ದವರು ಮೊರವನ್ನು ಕೆಳಗಿಟ್ಟರು.

"ಕೊಡ್ತೀವಿ ಅಂದ ಹೆಣ್ಣು ಒಲ್ಲೆ ಅಂದ್ರೆ ಆ ಮನೇಲಿ ಇನ್ನೊಂದು ಹೆಣ್ಣಿದ್ರೆ ಕೊಟ್ಟು ಮಾತು ಉಳಿಸ್ಕೊಳಲ್ವಾ?" ಎಂದು ಗಂಡನನ್ನು ಕೇಳಿದರು.

ಅದು ಇರುವ ಪದ್ಧತಿಯೇ ಎಂದು ಚಿಕ್ಕಮಲ್ಲಪ್ಪನವರು ಒಪ್ಪಿಕೊಂಡರು. ಆದರೆ ಮನೆಯಲ್ಲಿ ಇನ್ನೊಬ್ಬ ಮಗನಿಲ್ಲವಲ್ಲ ಎಂದರು.

"ಮಗ ಯಾಕೆ? ತಿಂದೋರು ನೀವು. ತಿಂದೋರೇ ಓಗಿ ಕಲೀರಿ. ಹೊಲ ಆರಂಬ ನಾ ನೋಡ್ಕತೀನಿ."

ಗಂಗಾಧರ ಕಕ್ಕಾಬಿಕ್ಕಿಯಾದ. ನಾನು ನಗು ತಡೆಯಲಾರದೆ ಜಗಲಿಗೆ ಓಡಿದೆ. ಹೆಂಡತಿ ಚುಚ್ಚಲೆಂದೇ ಹೇಳಿದ್ದಿರಬೇಕು. ಆದರೆ ಚಿಕ್ಕಮಲ್ಲಪ್ಪನವರು ಸಿಟ್ಟಾಗಲಿಲ್ಲ. ಹೊರಗೆ ಬಂದು, ಚಾಮರಾಜನಗರಕ್ಕೆ ಬೆಳಗಿನ ಬಸ್ಸು ಎಷ್ಟು ಗಂಟೆಗೆ ಎಂದು ನನ್ನನ್ನು ಕೇಳಿದರು.

ಊರಿಗೆ ಊರೇ ನಕ್ಕಿತು. ಅರವತ್ತಕ್ಕೆ ಅರಳು ಮರಳು ಎನ್ನುತ್ತಾರೆ, ಇವರಿಗೆ ನಲವತ್ತೈದಕ್ಕೇ ಬಂದುಬಿಟ್ಟಿತಲ್ಲ ಎಂದು ಅರಳಿಕಟ್ಟೆಯಲ್ಲಿ ಮಾತಾಡಿಕೊಂಡರು. ಮಗ ಮೈಸೂರಿನ ಬಸ್ಸು ಹತ್ತಿದ, ಅಪ್ಪ ಚಾಮರಾಜನಗರದ ಬಸ್ಸು ಹತ್ತಿದರು. ಪುಟ್ಟಮಲ್ಲಮ್ಮ ಇಬ್ಬರಿಗೂ ಒಂದೇ ಸಮನಾಗಿ ರೊಟ್ಟಿ ಬುತ್ತಿ ಕಟ್ಟಿಕೊಟ್ಟರು.

ನಲವತ್ತೈದರ ವಿದ್ಯಾರ್ಥಿಯನ್ನು ನೋಡಿ ಶಂಭುಲಿಂಗಪ್ಪನವರು ಮೊದಲು ತಮಾಷೆ ಎಂದುಕೊಂಡರಂತೆ. ಆಮೇಲೆ ಅವರಿಗೆ ತಮಾಷೆ ಎನ್ನಿಸಲಿಲ್ಲ. ಚಿಕ್ಕಮಲ್ಲಪ್ಪನವರು ಅಲ್ಲಿಯೇ ನಾದಿನಿ ಸಣ್ಣಮ್ಮನ ಮನೆಯಲ್ಲಿ ಉಳಿದು, ಬೆಳಿಗ್ಗೆ ಸ್ನಾನ ಲಿಂಗಪೂಜೆ ಮುಗಿಸಿ ಎಲ್ಲರಿಗಿಂತ ಮೊದಲು ಶೆಡ್ಡಿನ ಬಾಗಿಲಲ್ಲಿ ನಿಂತಿರುತ್ತಿದ್ದರು. ಮೀಸೆ ಚಿಗುರದ ಹುಡುಗರ ನಡುವೆ ಕೂತು ಸ್ಪ್ಯಾನರ್ ಹಿಡಿಯುವುದನ್ನು ಕಲಿತರು. ಒಂದಷ್ಟು ತಿಂಗಳಾದ ಮೇಲೆ, ಇದನ್ನು ಜೋಡಿಸುವುದು ಯಾವಾಗ ಎಂದು ಕೇಳತೊಡಗಿದರು. ಗುರುಗಳಿಗೆ ಒಳಗೊಳಗೇ ಭಯ. ಓಡುತ್ತದೆಂದು ಖಾತ್ರಿಯಾಗದೆ ಜೋಡಿಸುವಂತಿಲ್ಲ, ಜೋಡಿಸದೆ ಖಾತ್ರಿಯಾಗುವುದಿಲ್ಲ. ಹುಚ್ಚು ಬಿಡುವವರೆಗೆ ಮದುವೆಯಾಗುವುದಿಲ್ಲ, ಮದುವೆಯಾಗುವವರೆಗೆ ಹುಚ್ಚು ಬಿಡುವುದಿಲ್ಲ ಎಂಬಂತಾಗಿತ್ತು ಆ ಎಂಜಿನ್ನಿನ ಕಥೆ. ಓಡದಿದ್ದರೆ ಶಾಲೆಯ ಮಾನ ಹೋಗುತ್ತದೆ ಎಂದು ಅವರು ಕೊನೆಗೆ ಬಾಯಿ ಬಿಟ್ಟು ಹೇಳಿದರು. ಓಡದಿದ್ದರೆ ಮತ್ತೆ ಬಿಚ್ಚೋಣ, ಅದಕ್ಕೇನಂತೆ ಎಂದರು ನಲವತ್ತೈದರ ಶಿಷ್ಯರು. ಎಲ್ಲರೂ ಸೇರಿ ಜೋಡಿಸಿದರು. ಓಡಲಿಲ್ಲ. ಬಿಚ್ಚಿದರು. ಮತ್ತೆ ಜೋಡಿಸಿದರು. ಒಂದು ಮಧ್ಯಾಹ್ನ ಅದು ಢಬ್ ಢಬ್ ಎಂದು ಎದ್ದು ಕಪ್ಪು ಹೊಗೆ ಕಕ್ಕಿದಾಗ ಬೀದಿಯೆಲ್ಲ ಕೆಮ್ಮಿತು. ಶಂಭುಲಿಂಗಪ್ಪನವರು ಎಲ್ಲರೆದುರು ಅತ್ತುಬಿಟ್ಟರು.

ಊರಿಗೆ ಮರಳಿದ ಮೇಲೆ ಚಿಕ್ಕಮಲ್ಲಪ್ಪನವರಿಗೆ ಪುರಸೊತ್ತೆಂಬುದೇ ಇಲ್ಲವಾಯಿತು. ಬೇಗೂರಿನಿಂದ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನವರೆಗೆ ಎಲ್ಲಿ ಪಂಪಿನ ಎಂಜಿನ್ನು ಮುನಿಸಿಕೊಂಡರೂ ಜನ ಗಾಡಿ ಕಟ್ಟಿಕೊಂಡು ಕರೆಯಲು ಬರುತ್ತಿದ್ದರು. ಅರಳಿಕಟ್ಟೆಯಲ್ಲಿ ನಕ್ಕವರೇ ಮೊದಲು ಬಂದವರು. ಬರುತ್ತೇನೆಂದ ಹೊತ್ತಿಗೆ ಸರಿಯಾಗಿ ಬರುವ ಮೆಕ್ಯಾನಿಕ್ಕನ್ನು ನಾನು ಅವರಿಗಿಂತ ಮುಂಚೆಯೂ ಕಂಡಿಲ್ಲ, ಅವರಾದ ಮೇಲೂ ಕಂಡಿಲ್ಲ.

ಗಂಗಾಧರಸ್ವಾಮಿ ತರಬೇತಿ ಮುಗಿಸಿ ಬಸ್ಸು ರಿಪೇರಿ ಮಾಡುವ ಕಾರ್ಖಾನೆಯಲ್ಲಿ ಕೆಲಸ ಹಿಡಿದ. ಮೊದಲ ರಜೆಗೆ ಬಂದಾಗ ತಮ್ಮದೇ ಬಾವಿಯ ಮೇಲೆ ಅಪ್ಪ ಮಗ ಸೇರಿ ಎಂಜಿನ್ನು ಕೂರಿಸಿದರು. ಎಣ್ಣೆ ಚಿಮ್ಮಿಸುವ ನಾಜಲ್ ಬಗ್ಗೆ ಇಬ್ಬರಿಗೂ ಜಗಳವಾಗಿ, ಸಂಜೆ ಹೊತ್ತಿಗೆ ಕಾಲುವೆಯಲ್ಲಿ ನೀರು ಹರಿಯಿತು. ಬಾವಿಕಟ್ಟೆಯ ಮೇಲೆ ಕೂತು ಅಪ್ಪನ ಕಪ್ಪಾದ ಉಗುರುಗಳನ್ನು ನೋಡುತ್ತಾ ಗಂಗಾಧರ, ನನ್ನ ಆಸೆ ಉಳಿಸಲು ಈ ವಯಸ್ಸಿನಲ್ಲಿ ನೀವು ಊರ ಮಂದಿಯ ಮುಂದೆ ನಗೆಪಾಟಲಾಗಬೇಕಾಯಿತಲ್ಲ ಎಂದು ನೊಂದುಕೊಂಡ.

ಚಿಕ್ಕಮಲ್ಲಪ್ಪನವರು ಕೈ ಒರೆಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟರು.

"ನಿನಗೋಸ್ಕರ ಸ್ಕೂಲಿಗೋದೆ ಅಂದ್ಕೊಂಡಿದ್ದೀಯೇನ್ಲಾ? ಮೂರನೇ ಕ್ಲಾಸಲ್ಲಿ ನಮ್ಮಪ್ಪ ನನ್ನ ಸ್ಕೂಲ್ ಬುಡ್ಸಿ ಎತ್ತಿನ ಹಗ್ಗ ಕೈಗೆ ಕೊಟ್ಟ. ಅವತ್ತು ಹೊಲದಲ್ಲೆಲ್ಲಾ ಅತ್ತಿದ್ದೆ. ಆಮೇಲೆ ನನ್ನ ಸ್ಕೂಲಿಗೆ ಸೇರ್ಸೋರು ಯಾರೂ ಬರ್ನಿಲ್ಲ. ನಿಮ್ಮವ್ವ ಸೇರ್ಸುದ್ಲು ಕಣ್ಲಾ."

ಪುಟ್ಟಮಲ್ಲಮ್ಮ ಆಚೆ ಬದುವಿನಲ್ಲಿ ಗುದ್ದಲಿ ಹಿಡಿದು ನೀರು ತಿರುವುತ್ತಿದ್ದರು. ಎಂಜಿನ್ನಿನ ಸದ್ದಿಗೆ ಅವರಿಗೇನೂ ಕೇಳಿಸಲಿಲ್ಲ. ಗಂಗಾಧರ ಎದ್ದು ಹೋಗಿ ಎಂಜಿನ್ನು ನಿಲ್ಲಿಸಿ, ಅದನ್ನೇ ಇನ್ನೊಂದು ಸಲ ಅವ್ವನಿಗೆ ಕೇಳುವಂತೆ ಹೇಳಿ ಎಂದು ಅಪ್ಪನನ್ನು ಬೇಡಿದ.